ಅಮೀರ್ ಅಬ್ದುಲ್ ಕಾದಿರ್ ಧರಿಸಿದ ಪದಕ

ಅಲ್ಜೀರಿಯಾದ ಅಮೀರ್ ಅಬ್ದುಲ್ ಕಾದಿರ್‌ರವರ ಛಾಯಾಚಿತ್ರಗಳಲ್ಲಿ ಬಿಳಿಯ ನಿಲುವಂಗಿಯ ಮೇಲೆ ಪದಕಗಳನ್ನು ನಾವು ಕಾಣುತ್ತೇವೆ. ಅವರಿಗೆ ಸಂದ ಗೌರವಗಳಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಕೂಡ ಒಂದು. 1802ರಲ್ಲಿ ನೆಪೋಲಿಯನ್ ಸ್ಥಾಪಿಸಿದ ಈ ಪುರಸ್ಕಾರಕ್ಕೆ ಐದು ದರ್ಜೆಗಳಿವೆ. ಅಮೀರರಿಗೆ ದೊರೆತದ್ದು ಅತ್ಯುಚ್ಚವಾದ ಗ್ರ್ಯಾಂಡ್ ಕ್ರಾಸ್: ಬಲ ಹೆಗಲಿನಿಂದ ಇಳಿಯುವ ಅಗಲವಾದ ಕೆಂಪು ಪಟ್ಟಿ, ಎದೆಯ ಮೇಲೆ ತಾರೆ.

ಇದೇ ಫ್ರಾನ್ಸಿನ ವಿರುದ್ಧ ಅವರು ಹದಿನೈದು ವರ್ಷ ಹೋರಾಡಿದ್ದರು. 1847ರಲ್ಲಿ ಶರಣಾದಾಗ ಕೊಟ್ಟ ಮಾತನ್ನು ಮುರಿದು ಅದು ಅವರನ್ನು 1852ರವರೆಗೆ ಸೆರೆಯಲ್ಲಿಟ್ಟಿತ್ತು. 1860ರಲ್ಲಿ ದಮಾಸ್ಕಸ್‌ನಲ್ಲಿ ಗಲಭೆಕೋರರು ಕ್ರೈಸ್ತರ ಕೇರಿಗೆ ನುಗ್ಗಿದರು. ಅಮೀರರು ತಮ್ಮ ಅಲ್ಜೀರಿಯನ್ ಸಂಗಡಿಗರೊಂದಿಗೆ ಹೊರಟು, ಸಾವಿರಾರು ಮಂದಿಗೆ ಆಶ್ರಯವಿತ್ತು ಕಾಪಾಡಿದರು. ಸೆರೆಯಿಟ್ಟವರೇ ಪದಕ ತೊಡಿಸಬೇಕಾಯಿತು! ಉಸ್ಮಾನಿಯ ಸುಲ್ತಾನರಿಂದಲೂ ಮಜೀದಿಯಾ ಪದಕ ಬಂದಿತು. ಕೃತಜ್ಞತೆ ಸಲ್ಲಿಸಿದ ಅಲ್ಜಿಯರ್ಸ್‌ನ ಬಿಷಪರಿಗೆ ಅಮೀರರು, ತಾವು ಹೀಗೆ ಮಾಡಿದ್ದು ಇಸ್ಲಾಮೀ ಶರೀಅತ್ತಿನ ಮೇಲಿನ ನಿಷ್ಠೆಯಿಂದ ಮತ್ತು ಮಾನವ ಹಕ್ಕುಗಳ ಮೇಲಿನ ಗೌರವದಿಂದ ಎಂದು ಬರೆದರು.