ಸುರಂಗ (ಜಲಮೂಲ)

ಸುರಂಗವು ಗುಡ್ಡದ ಮಗ್ಗುಲನ್ನು ಅಡ್ಡಲಾಗಿ ಅಗೆದು ಅಂತರ್ಜಲವನ್ನು ಹೊರತರುವ, ಕೈಯಿಂದಲೇ ತೋಡಿದ ಗುಹೆಯಾಕಾರದ ಜಲಮೂಲವಾಗಿದೆ. ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಗಡಿಭಾಗ ಹಾಗೂ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಬಾವಿಯು ನೆಲದೊಳಕ್ಕೆ ಕೆಳಮುಖವಾಗಿ ಇಳಿದರೆ, ಸುರಂಗವು ಗುಡ್ಡದೊಳಕ್ಕೆ ನೇರವಾಗಿ ಸಾಗುತ್ತದೆ. ಒಳಗಿನ ಒರತೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಹೊರಬರುವುದರಿಂದ ಅದನ್ನು ಎತ್ತಲು ಏತವಾಗಲಿ ವಿದ್ಯುತ್ ಪಂಪಾಗಲಿ ಬೇಕಿಲ್ಲ. ಕಾಸರಗೋಡು ಜಿಲ್ಲೆಯೊಂದರಲ್ಲೇ 5,000ಕ್ಕೂ ಹೆಚ್ಚು ಸುರಂಗಗಳಿವೆ ಎಂದು ಅಂದಾಜಿಸಲಾಗಿದೆ. ಇವುಗಳಲ್ಲಿ ಬಹುಪಾಲು ಖಾಸಗಿ ಕುಟುಂಬಗಳ ಒಡೆತನದಲ್ಲಿದ್ದು, ಅಳತೆಯಾಗಲಿ ನಕ್ಷೆಯಾಗಲಿ ಇಲ್ಲದೆ ಉಳಿದಿವೆ.

ಹೆಸರು

ಕನ್ನಡದಲ್ಲಿ 'ಸುರಂಗ' ಎಂಬ ಪದವು ರೈಲುಮಾರ್ಗದ ಸುರಂಗ, ಕೋಟೆಯ ಗುಪ್ತಮಾರ್ಗ ಮೊದಲಾದ ಅರ್ಥಗಳಲ್ಲಿ ಬಳಕೆಯಲ್ಲಿದೆ. ಗಡಿಭಾಗದ ಕೃಷಿಕರ ಆಡುಮಾತಿನಲ್ಲಿ ಮಾತ್ರ ಸುರಂಗವೆಂದರೆ ನೀರಿನ ಸುರಂಗವೇ. ಮಲಯಾಳದಲ್ಲಿ ಇದನ್ನು 'ತುರಂಗಂ' ಎಂದೂ ಕರೆಯುವರು. ಸಂಸ್ಕೃತದ 'ಸುರುಂಗಾ' ಎಂಬ ಪದವು ಕೊಳವೆ, ಕೊಳಲು ಎಂಬ ಅರ್ಥದ ಗ್ರೀಕ್ ಪದ 'ಸಿರಿಂಕ್ಸ್'ನಿಂದ ಬಂದಿದೆ ಎಂಬುದು ಭಾಷಾವಿದ್ವಾಂಸರ ಅಭಿಪ್ರಾಯ.

ಭೂರಚನೆ

ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿದು, ಕಡಿದಾದ ಇಳಿಜಾರಿನ ಚಿಕ್ಕ ಹೊಳೆಗಳ ಮೂಲಕ ಬೇಗನೆ ಸಮುದ್ರ ಸೇರುತ್ತದೆ. ಹೀಗಾಗಿ ಧಾರಾಕಾರ ಮಳೆ ಬೀಳುವ ಊರುಗಳಲ್ಲೇ ಏಪ್ರಿಲ್–ಮೇ ತಿಂಗಳುಗಳಲ್ಲಿ ಕುಡಿಯುವ ನೀರಿಗೆ ತತ್ವಾರವಾಗುವುದುಂಟು.

ಇಲ್ಲಿನ ಗುಡ್ಡಗಳ ಮೇಲ್ಪದರವು ಮುರಕಲ್ಲು ಅಥವಾ ಕೆಂಪುಕಲ್ಲಿನದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ತುಂಬಿದ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕನನ್. ಮಲಬಾರಿನ ಅಂಗಾಡಿಪ್ಪುರಂನಲ್ಲಿ ತಾನು ಕಂಡ ಕಲ್ಲನ್ನು ಆತ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಮುರಕಲ್ಲಿನಲ್ಲಿ ಅಸಂಖ್ಯ ರಂಧ್ರಗಳಿರುವುದರಿಂದ ಮಳೆನೀರು ಸುಲಭವಾಗಿ ಒಳಕ್ಕೆ ಇಂಗುತ್ತದೆ. ಅದರ ಕೆಳಗಿನ ಜೇಡಿಮಣ್ಣಿನ ಪದರವು ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಈ ಎರಡು ಪದರಗಳು ಕೂಡುವಲ್ಲಿ ನೀರು ತಂಗಿ ನಿಧಾನವಾಗಿ ಇಳಿಜಾರಿನತ್ತ ಸರಿಯುತ್ತದೆ. ಸುರಂಗವು ಹುಡುಕಿಕೊಂಡು ಹೋಗುವುದು ಈ ನೀರನ್ನೇ.

ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಕಲ್ಲು ನೀರಿನಲ್ಲಿ ಕರಗಿ ಉದ್ದುದ್ದದ ಗುಹೆಗಳು ಸಹಜವಾಗಿ ಉಂಟಾಗುತ್ತವೆ. ಮುರಕಲ್ಲಿನ ನಾಡಿನಲ್ಲಿ ಅಂತಹ ಗುಹಾಜಾಲಗಳಿಲ್ಲ. ಮುರಕಲ್ಲು ಇದ್ದಲ್ಲೆಲ್ಲ ಸುರಂಗವೂ ಇರುತ್ತದೆ ಎನ್ನುವಂತಿಲ್ಲ. ಉಡುಪಿ ಜಿಲ್ಲೆಯ ಮಣಿಪಾಲವು ಮುರಕಲ್ಲಿನ ಗುಡ್ಡದ ಮೇಲಿದ್ದರೂ ಆ ಭಾಗದಲ್ಲಿ ಬಾವಿಯೇ ಸಾಮಾನ್ಯ ಜಲಮೂಲ. 1432ರಲ್ಲಿ ಗೊಮ್ಮಟನ ಪ್ರತಿಷ್ಠೆಯಾದ ಕಾರ್ಕಳದ ಗುಡ್ಡದಂತಹ ಗಟ್ಟಿ ಶಿಲೆಯಲ್ಲಿ ಕೈಹತ್ಯಾರುಗಳಿಂದ ಸುರಂಗ ತೋಡುವುದು ಸಾಧ್ಯವಿಲ್ಲ. ಕಾಪುವಿನ ಕಡಲತೀರದಂತಹ ಮರಳು ನೆಲದಲ್ಲಿ ತೋಡಿದ್ದು ನಿಲ್ಲುವುದಿಲ್ಲ. ಅಗೆಯುವಷ್ಟು ಮೆದು, ಕುಸಿಯದಷ್ಟು ಗಟ್ಟಿ ಎಂಬ ಎರಡು ಗುಣಗಳೂ ಒಂದೇ ಗುಡ್ಡದಲ್ಲಿ ಕೂಡಿಬರಬೇಕು.

ರಚನೆ

ಸುರಂಗವು ಸಾಮಾನ್ಯವಾಗಿ ಒಬ್ಬ ವ್ಯಕ್ತಿ ನಡೆದು ಹೋಗುವಷ್ಟು ಎತ್ತರ ಮತ್ತು ಅಗಲವಾಗಿರುತ್ತದೆ: ಎತ್ತರ ಸುಮಾರು 1.8ರಿಂದ 2 ಮೀಟರ್, ಅಗಲ ಸುಮಾರು ಅರ್ಧದಿಂದ ಮುಕ್ಕಾಲು ಮೀಟರ್. ಮೇಲ್ಭಾಗವನ್ನು ಕಮಾನಿನಂತೆ ಕೆತ್ತುವುದರಿಂದ ಮಣ್ಣಿನ ಭಾರ ಎರಡೂ ಗೋಡೆಗಳ ಮೇಲೆ ಹಂಚಿಹೋಗುತ್ತದೆ. ಉದ್ದವು ಕೆಲವೇ ಮೀಟರುಗಳಿಂದ ಹಿಡಿದು 300 ಮೀಟರುಗಳವರೆಗೂ ಇರಬಹುದು. ನೆಲವನ್ನು ಒಳಗಿನಿಂದ ಬಾಯಿಯ ಕಡೆಗೆ ತುಸುವೇ ಇಳಿಜಾರಾಗಿರುವಂತೆ ತೋಡುತ್ತಾರೆ. ಒರತೆ ಸಾಲದಿದ್ದಾಗ ಒಳಗೇ ಎಡಕ್ಕೋ ಬಲಕ್ಕೋ ಕವಲು ತೆಗೆಯುವುದುಂಟು. ಅಳತೆಗೆ 'ಕೋಲು' ಎಂಬ ಸಾಂಪ್ರದಾಯಿಕ ಮಾನ ಬಳಕೆಯಲ್ಲಿದ್ದು, ಒಂದು ಕೋಲು ಸುಮಾರು 72 ಸೆಂಟಿಮೀಟರ್ ಆಗುತ್ತದೆ.

ತೋಡುವ ವಿಧಾನ

ಸ್ಥಳದ ಆಯ್ಕೆ: ತೋಡುವವರು ಮೊದಲು ಗುಡ್ಡದ ಇಳಿಜಾರು, ಮಣ್ಣಿನ ಬಣ್ಣ ಮತ್ತು ತೇವ, ಬೇಸಗೆಯಲ್ಲೂ ಹಸಿರಾಗಿರುವ ಗಿಡಮರಗಳು ಇವನ್ನು ಗಮನಿಸುತ್ತಾರೆ. ಧೂಪದ ಮರದಂತಹ ಕೆಲವು ಮರಗಳಿರುವಲ್ಲಿ ನೀರಿರುತ್ತದೆ ಎಂಬ ನಂಬಿಕೆ ಇದೆ. ನೆರೆಯ ಸುರಂಗಗಳಲ್ಲಿ ನೀರು ಎಷ್ಟು ದೂರದಲ್ಲಿ ಸಿಕ್ಕಿತು ಎಂಬ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಇಷ್ಟೆಲ್ಲ ನೋಡಿದರೂ ನೀರು ಸಿಕ್ಕಿಯೇ ಸಿಗುತ್ತದೆ ಎಂಬ ಭರವಸೆ ಇರುವುದಿಲ್ಲ. ನೀರಿಲ್ಲದೆ ಕೈಬಿಟ್ಟ ಒಣ ಸುರಂಗಗಳೂ ಗುಡ್ಡಗಳಲ್ಲಿ ಕಾಣಸಿಗುತ್ತವೆ.

ಅಗೆತ: ಪಿಕ್ಕಾಸು ಮತ್ತು ಹಾರೆ ಇದರ ಮುಖ್ಯ ಹತ್ಯಾರುಗಳು. ಇಕ್ಕಟ್ಟಿನಲ್ಲಿ ಬೀಸಲು ಜಾಗವಿಲ್ಲದ ಕಾರಣ ಪಿಕ್ಕಾಸಿನ ಹಿಡಿಯನ್ನು ಗಿಡ್ಡವಾಗಿಸಿಕೊಳ್ಳುತ್ತಾರೆ. ಎದುರು ಗೋಡೆಯ ಮುಂದೆ ಒಬ್ಬನಿಗಷ್ಟೇ ಜಾಗವಿರುತ್ತದೆ. ಆತ ಅಗೆದ ಮಣ್ಣನ್ನು ಇನ್ನೊಬ್ಬ ಬುಟ್ಟಿಯಲ್ಲಿ ತುಂಬಿ ಹೊರಗೆ ಸಾಗಿಸುತ್ತಾನೆ. ಸುರಂಗ ಉದ್ದವಾದಷ್ಟೂ ಅಗೆತಕ್ಕಿಂತ ಮಣ್ಣು ಹೊರುವ ಕೆಲಸವೇ ಹೆಚ್ಚಾಗುತ್ತದೆ.

ಗಾಳಿ ಮತ್ತು ಬೆಳಕು: ಒಳಗೆ ಮೇಣದ ಬತ್ತಿ ಅಥವಾ ಸೀಮೆಎಣ್ಣೆ ದೀಪವನ್ನು ಉರಿಸಿಟ್ಟುಕೊಳ್ಳುವುದು ವಾಡಿಕೆ. ಅದು ಬೆಳಕಿಗೂ ಆಯಿತು, ಎಚ್ಚರಿಕೆಗೂ ಆಯಿತು. ಜ್ವಾಲೆ ಮಂಕಾದರೆ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದು ತೋಡುವವರು ತಡಮಾಡದೆ ಹೊರಬರುತ್ತಾರೆ. ಬಹಳ ಉದ್ದವಾದ ಸುರಂಗಗಳಿಗೆ ಗುಡ್ಡದ ಮೇಲಿನಿಂದ ಬಾವಿಯಂತಹ ಗಾಳಿಕಿಂಡಿಯನ್ನು ಇಳಿಸುವುದುಂಟು.

ಅಪಾಯಗಳು: ಮುರಕಲ್ಲಿನ ಪದರ ದಾಟಿ ಮೆದು ಮಣ್ಣು ಎದುರಾದಾಗ ಮೇಲ್ಭಾಗ ಕುಸಿಯುವ ಸಂಭವ ಹೆಚ್ಚು. ಹಿಂದೆ ಉಳಿದಿರುವುದು ಒಂದೇ ದಾರಿಯಾದ್ದರಿಂದ ಕುಸಿತವಾದರೆ ಒಳಗಿನವನು ಸಿಕ್ಕಿಬೀಳುತ್ತಾನೆ. ಗಟ್ಟಿ ಬಂಡೆ ಅಡ್ಡ ಬಂದರೆ ದಿಕ್ಕು ಬದಲಿಸಬೇಕು, ಇಲ್ಲವೇ ಅಷ್ಟೂ ಶ್ರಮವನ್ನು ಬಿಟ್ಟುಬಿಡಬೇಕು. ಹಳೆಯ ಸುರಂಗಗಳಲ್ಲಿ ಬಾವಲಿಗಳೂ ಹಾವುಗಳೂ ಸೇರಿಕೊಂಡಿರುತ್ತವೆ.

ನೀರಿನ ಬಳಕೆ

ಒರತೆ ಕಂಡ ಮೇಲೆ ಸುರಂಗದ ಒಳಗೆ ಮಣ್ಣಿನ ಚಿಕ್ಕ ಕಟ್ಟವೊಂದನ್ನು ಹಾಕಿ ನೀರು ತಿಳಿಯಾಗಿ ನಿಲ್ಲುವಂತೆ ಮಾಡುತ್ತಾರೆ. ಅಲ್ಲಿಂದ ಹಿಂದೆ ಅಡಿಕೆ ಮರದ ದಂಬೆಗಳ ಮೂಲಕ, ಈಗ ಪ್ಲಾಸ್ಟಿಕ್ ಕೊಳವೆಗಳ ಮೂಲಕ, ಮನೆಯಂಗಳಕ್ಕೂ ತೋಟದ ಕೆರೆಗೂ ನೀರು ಬರುತ್ತದೆ. ಹೊರಬರುವ ನೀರಿನ ಎಳೆ ಸಣ್ಣದಾದರೂ ಹಗಲಿರುಳು ಹರಿಯುವುದರಿಂದ ಕೆರೆ ತುಂಬುತ್ತದೆ. ಒಂದು ತೋಟಕ್ಕೆ ಎರಡು ಮೂರು ಸುರಂಗಗಳಿರುವುದೂ ಉಂಟು. ಅಡಿಕೆ, ತೆಂಗು, ಬಾಳೆ, ಕಾಳುಮೆಣಸಿನ ಕೃಷಿಯು ಕಣಿವೆಯಿಂದ ಗುಡ್ಡದ ಮಗ್ಗುಲಿಗೆ ಏರಲು ಸುರಂಗವು ಮುಖ್ಯ ಕಾರಣಗಳಲ್ಲೊಂದು.

ಸುರಂಗವು ತನ್ನ ಮಟ್ಟಕ್ಕಿಂತ ಕೆಳಗಿನ ನೀರನ್ನು ಸೆಳೆಯಲಾರದು. ಗುಡ್ಡ ಕೊಟ್ಟಷ್ಟನ್ನೇ ಅದು ತರುತ್ತದೆ. ಇದೇ ಅದರ ಮಿತಿ, ಇದೇ ಅದರ ಹಿತ. ಆದರೆ ಬಾಯಿ ಸದಾ ತೆರೆದಿರುವುದರಿಂದ ಮಳೆಗಾಲದಲ್ಲಿ ಬೇಡದ ನೀರೂ ಹರಿದುಹೋಗುತ್ತದೆ ಎಂಬುದು ಇದರ ಕೊರತೆ.

ತೋಡಿದವರು

ಕಾಸರಗೋಡು ಜಿಲ್ಲೆಯ ಕುಂಡಂಕುಳಿಯ ಕುಂಞಂಬು ಅವರು ಸುಮಾರು ಐವತ್ತು ವರ್ಷಗಳ ವೃತ್ತಿಜೀವನದಲ್ಲಿ 1,000ಕ್ಕೂ ಹೆಚ್ಚು ಸುರಂಗಗಳನ್ನು ತೋಡಿದ್ದಾರೆಂದು ಪತ್ರಿಕೆಗಳು ವರದಿಮಾಡಿವೆ.

ದಕ್ಷಿಣ ಕನ್ನಡ ಜಿಲ್ಲೆಯ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕ ಅವರು ಅಡಿಕೆ, ತೆಂಗಿನ ಮರವೇರುವ ಕೂಲಿಕಾರ್ಮಿಕರಾಗಿದ್ದರು. 1978ರಲ್ಲಿ ಜಮೀನುದಾರರೊಬ್ಬರಿಂದ ಅವರಿಗೆ ಎರಡು ಎಕರೆ ಬೋಳುಗುಡ್ಡ ದೊರೆಯಿತು. ಬಾವಿ ತೋಡಿಸಲು ಹಣವಿಲ್ಲದ ಅವರು ಹಗಲಿನ ಕೂಲಿ ಕೆಲಸ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ತೋಡತೊಡಗಿದರು. ಒಂದರ ಹಿಂದೊಂದರಂತೆ ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಆ ನೀರಿನಿಂದ ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆಯ ತೋಟ ಎದ್ದಿತು. ಎತ್ತರದಲ್ಲಿ ಸಂಗ್ರಹಿಸಿದ ನೀರಿನ ಒತ್ತಡದಿಂದಲೇ, ವಿದ್ಯುತ್ತಿಲ್ಲದೆ, ತೋಟಕ್ಕೆ ತುಂತುರು ನೀರಾವರಿಯನ್ನೂ ಅವರು ಅಳವಡಿಸಿಕೊಂಡರು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಅನ್ವೇಷಣೆ ಮತ್ತು ದಾಖಲಾತಿ

ಸುರಂಗಗಳ ಬಗ್ಗೆ ಹೊರಜಗತ್ತಿಗೆ ತಿಳಿಸಿದವರಲ್ಲಿ ಕಾಸರಗೋಡಿನ ಪಡ್ರೆ ಗ್ರಾಮದ ವಾಣೀನಗರದ ಪತ್ರಕರ್ತ, 'ಅಡಿಕೆ ಪತ್ರಿಕೆ'ಯ ಸಂಪಾದಕ ಶ್ರೀ ಪಡ್ರೆ ಪ್ರಮುಖರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾನಿಲಯದ ಡ್ಯಾರೆನ್ ಕ್ರೂಕ್, ಸುಧೀರ್ ತ್ರಿಪಾಠಿ ಮೊದಲಾದವರು ದಕ್ಷಿಣ ಕನ್ನಡದ ಮಾಣಿಲ ಗ್ರಾಮ ಹಾಗೂ ಸುತ್ತಲಿನ ಸುರಂಗಗಳ ಅಧ್ಯಯನ ನಡೆಸಿದ್ದಾರೆ.

ಭೂಗತ ಮಾರ್ಗವನ್ನು ಅಳೆಯುವ ಕ್ರಮ ಗುಹೆಗೂ ಸುರಂಗಕ್ಕೂ ಒಂದೇ. ಬಾಯಿಯಿಂದ ಕೊನೆಯವರೆಗೆ ಒಂದೊಂದು ತಿರುವಿನಲ್ಲೂ ಗುರುತು ಇಟ್ಟು, ಗುರುತಿನಿಂದ ಗುರುತಿಗೆ ಇರುವ ದೂರವನ್ನು ಅಳತೆಪಟ್ಟಿಯಿಂದ, ದಿಕ್ಕನ್ನು ದಿಕ್ಸೂಚಿಯಿಂದ, ಏರಿಳಿತವನ್ನು ಕೋನಮಾಪಕದಿಂದ ಬರೆದುಕೊಂಡು, ಅಲ್ಲಲ್ಲಿ ಎತ್ತರ ಮತ್ತು ಅಗಲವನ್ನು ಸೇರಿಸಿದರೆ ನಕ್ಷೆ ಸಿದ್ಧವಾಗುತ್ತದೆ. ಮೇಘಾಲಯದ ಸುಣ್ಣಕಲ್ಲಿನ ಗುಹೆಗಳಲ್ಲಿ 1992ರಿಂದ ಸ್ವಯಂಸೇವಕ ಗುಹಾನ್ವೇಷಕರು ಹೀಗೆ ನೂರಾರು ಕಿಲೋಮೀಟರ್ ಅಳೆದಿದ್ದಾರೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಬೀದರಿನದು. ಅಲ್ಲಿ ಮುರಕಲ್ಲಿನಲ್ಲಿ ತೋಡಿದ ಬಹಮನಿ ಕಾಲದ ನೌಬಾದ್ ಕರೇಜ್ ಹೂಳು ಮತ್ತು ಕಸದಿಂದ ಮುಚ್ಚಿಹೋಗಿತ್ತು. 2010ರ ದಶಕದಲ್ಲಿ ಭೂಗೋಳದ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ಅದರ ಜಾಡನ್ನು ಗುರುತಿಸಿದರು. ಸ್ಥಳೀಯ ಸ್ವಯಂಸೇವಕರ ಗುಂಪಾದ 'ಟೀಮ್ ಯುವಾ' ಮತ್ತು ಜಿಲ್ಲಾಡಳಿತ ಅದರ ಪುನರುಜ್ಜೀವನದಲ್ಲಿ ತೊಡಗಿದವು.

ಇತರ ಪದ್ಧತಿಗಳೊಂದಿಗೆ ಹೋಲಿಕೆ

ಇರಾನಿನ ಖನಾತ್, ಒಮಾನಿನ ಫಲಜ್, ಬೀದರಿನ ಕರೇಜ್ ಮತ್ತು 1615ರ ಸುಮಾರಿಗೆ ನಿರ್ಮಾಣವಾದ ಬುರ್ಹಾನ್‌ಪುರದ ಕುಂಡಿ ಭಂಡಾರಾ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಒಮಾನಿನ ಫಲಜ್‌ಗಳು 2006ರಲ್ಲೂ ಇರಾನಿನ ಖನಾತ್‌ಗಳು 2016ರಲ್ಲೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವು ಮೈಲುಗಟ್ಟಲೆ ಉದ್ದವಿದ್ದು, ಸಾಲುಸಾಲು ಗಾಳಿಕಿಂಡಿಗಳನ್ನು ಹೊಂದಿ, ರಾಜಾಶ್ರಯದಿಂದಲೋ ಸಮುದಾಯದ ದುಡಿಮೆಯಿಂದಲೋ ಆದವು. ಕರಾವಳಿಯ ಸುರಂಗ ಚಿಕ್ಕದು. ಬಹುತೇಕ ಒಂದು ಮನೆಯವರು ತಮ್ಮ ಮನೆಗಾಗಿ ಮಾಡಿಕೊಂಡದ್ದು. ಶಾಸನಗಳಲ್ಲಿ ಅದರ ಹೆಸರಿಲ್ಲದಿರಲು ಇದೂ ಒಂದು ಕಾರಣವಾಗಿರಬಹುದು.

ಇಂದಿನ ಸ್ಥಿತಿ

1980ರ ದಶಕದಿಂದೀಚೆಗೆ ಕೊಳವೆಬಾವಿಗಳು ಹೆಚ್ಚಿದಂತೆ ಹೊಸ ಸುರಂಗಗಳ ತೋಡುವಿಕೆ ಇಳಿಮುಖವಾಗಿದೆ. ಕೆಂಪುಕಲ್ಲಿನ ಕೋರೆಗಳು ನೀರು ಇಂಗುವ ಮೇಲ್ಪದರವನ್ನೇ ತೆಗೆದುಹಾಕುತ್ತವೆ. ಗುಡ್ಡದ ತಲೆಯ ಮೇಲೆ ನಡೆದದ್ದು ಸುರಂಗದ ನೀರಿನಲ್ಲಿ ಕಾಣುತ್ತದೆ. ಪಡ್ರೆ ಪ್ರದೇಶದ ಗೇರುತೋಪುಗಳಿಗೆ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿಂದ ಸಂಗ್ರಹಿಸಿದ ನೀರು ಮೊದಲಾದ ಮಾದರಿಗಳಲ್ಲಿ ಆ ಕೀಟನಾಶಕವನ್ನು ಪತ್ತೆಹಚ್ಚಿತು.

ಸುರಂಗ ತೋಡಬಲ್ಲವರಲ್ಲಿ ಹೆಚ್ಚಿನವರು ವೃದ್ಧರಾಗಿದ್ದು, ಶ್ರಮ ಮತ್ತು ಅಪಾಯ ಎರಡೂ ಹೆಚ್ಚಿರುವ ಈ ಕೆಲಸಕ್ಕೆ ಹೊಸಬರು ಬರುತ್ತಿಲ್ಲ. ಮಣ್ಣಿನ ಬಣ್ಣ ನೋಡಿ ನೀರಿನ ದೂರ ಹೇಳುವ, ಪಿಕ್ಕಾಸಿನ ಸದ್ದು ಕೇಳಿ ಮುಂದಿನ ಪದರ ಊಹಿಸುವ ತಿಳಿವಳಿಕೆ ಬರಹಕ್ಕಿಳಿದಿರುವುದು ಅತ್ಯಲ್ಪ. ಹಲವು ಮನೆಗಳಲ್ಲಿ ಇಂದಿಗೂ ಕುಡಿಯುವ ನೀರು ಸುರಂಗದ್ದೇ. ಇವುಗಳ ಎಣಿಕೆ, ಅಳತೆ ಮತ್ತು ನಕ್ಷೆಯ ಕೆಲಸವು ತೋಡಿದವರು ಜೊತೆಗಿದ್ದು ವಿವರಿಸಬಲ್ಲ ಕಾಲದಲ್ಲೇ ನಡೆದರೆ ಮಾತ್ರ ಪೂರ್ಣವಾಗಬಲ್ಲದು.