ಸುರಪುರದ ಟೇಲರನು: ಸೈನಿಕನೂ ಕಾದಂಬರಿಕಾರನೂ
ಕನ್ನಡ ನಾಡಿನ ಚರಿತ್ರೆಯನ್ನು ಇಂಗ್ಲಿಷ್ ಕಾದಂಬರಿಗೆ ತಂದವರಲ್ಲಿ ಕರ್ನಲ್ ಫಿಲಿಪ್ ಮೆಡೋಸ್ ಟೇಲರನು ಗಣ್ಯನು. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಈತನು 1824ರಲ್ಲಿ ವ್ಯಾಪಾರಿಯೊಬ್ಬನ ಕೈಕೆಳಗಿನ ಕೆಲಸಕ್ಕೆಂದು ಮುಂಬಯಿಗೆ ಬಂದು, ಅನತಿಕಾಲದಲ್ಲಿಯೇ ನಿಜಾಮನ ಸೈನ್ಯವನ್ನು ಸೇರಿದನು. 1839ರಲ್ಲಿ ಥಗ್ಗರನ್ನು ಕುರಿತ ಕಾದಂಬರಿಯೂ 1840ರಲ್ಲಿ ಟಿಪ್ಪುವನ್ನು ಕುರಿತುದೂ ಪ್ರಕಟವಾದುವು. ಎರಡನೆಯದರ ವಸ್ತು ಮೈಸೂರಿನ ಯುದ್ಧ. ಅಂದು ಟಿಪ್ಪುವಿನ ರಾಜ್ಯದಲ್ಲಿದ್ದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ವಿದ್ಯಾರ್ಥಿಗಳಿಗೆ ಆ ವಸ್ತು ಪರಕೀಯವಲ್ಲ.

ಆದರೆ ಟೇಲರನ ಬಾಳಿನ ಮುಖ್ಯ ಅಧ್ಯಾಯವು ನಡೆದುದು ಉತ್ತರದ ಸುರಪುರದಲ್ಲಿ. ಬಾಲಕನಾಗಿದ್ದ ದೊರೆ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆತನು ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಅಲ್ಲಿಯ ಪ್ರಾಚೀನ ಶಿಲಾಸಮಾಧಿಗಳನ್ನು ಶೋಧಿಸಿ ಲೇಖನಗಳನ್ನು ಬರೆದನು. 1858ರಲ್ಲಿ ಅದೇ ದೊರೆಯು ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದನು. ಟೇಲರನು ಸೆರೆಯಲ್ಲಿ ಅವನನ್ನು ಕಂಡನು. ಮರಣದಂಡನೆಯು ಕಾರಾವಾಸಕ್ಕೆ ಇಳಿದರೂ ದೊರೆಯು ಗುಂಡಿನೇಟಿನಿಂದ ಮಡಿದನು. ಅವನು ತನ್ನನ್ನು ತಾನೇ ಕೊಂದುಕೊಂಡನೆಂಬುದು ಟೇಲರನ ನಿರೂಪಣೆ. ಟೇಲರನು ತೀರಿಕೊಂಡುದು 1876ರಲ್ಲಿ; ಆತ್ಮಕಥೆಯು ಹೊರಬಂದುದು ಮರುವರ್ಷ.

ಈ ಬರಹದಲ್ಲಿ ಪೋಷಕನ ವಾತ್ಸಲ್ಯವೂ ಅಧಿಕಾರಿಯ ನಿಷ್ಠೆಯೂ ಬೆರೆತಿವೆ. ಬಂಡೆದ್ದವನ ಮನಸ್ಸು ನಮಗೆ ದೊರೆಯುವುದು, ಬಂಡಾಯವನ್ನು ಅಡಗಿಸಿದ ಪಕ್ಷದವನ ಲೇಖನಿಯಿಂದ. ಮುಂದೆ 1657, 1757, 1857 ಎಂಬ ಮೂರು ಕಾಲಗಳನ್ನು ಹಿಡಿದು ಮೂರು ಕಾದಂಬರಿಗಳನ್ನು ರಚಿಸಿದವನೂ ಇವನೇ. ಆದಕಾರಣ ಟೇಲರನನ್ನು ಸಾಕ್ಷಿಯಾಗಿ ಕರೆಯೋಣ, ನ್ಯಾಯಾಧೀಶನಾಗಿ ಕೂರಿಸುವುದು ಬೇಡ. ಸುರಪುರದ ಜನರ ನೆನಪನ್ನೂ ಅದರ ಪಕ್ಕದಲ್ಲಿಟ್ಟು ತೂಗುವುದು ಚರಿತ್ರಕಾರರಾದ ನಮ್ಮ ಕರ್ತವ್ಯ.