ಕೆನ್, ಸ್ಟೀವ್, ಮತ್ತೆ ಅವಸರದಲ್ಲಿ ಬಂದ ಬಿಲ್ಲಿ

2004ರಲ್ಲಿ 'ಆಪ್ತಮಿತ್ರ' ಬಂದಾಗ ಎರಡು ಸಲ ನೋಡಿದ್ದೆ. ಸೌಂದರ್ಯ ನಾಗವಲ್ಲಿಯಾಗಿ ಕಣ್ಣು ಕೆಕ್ಕರಿಸಿದ್ದನ್ನು ನೋಡಿ ಥಿಯೇಟರಿನಿಂದ ಹೊರಬಂದವರೆಲ್ಲ 'ಸ್ಪ್ಲಿಟ್ ಪರ್ಸನಾಲಿಟಿ'ಯ ಬಗ್ಗೆ ಭಾಷಣ ಮಾಡುವಷ್ಟು ಪಂಡಿತರಾಗಿದ್ದರು, ನಾನೂ ಸೇರಿದಂತೆ. ಜೊತೆಗೆ ಬಂದಿದ್ದ ಗೆಳೆಯ ಮಾತ್ರ ಬಸ್ ಸ್ಟಾಪಿನಲ್ಲಿ ನಿಂತು ಒಂದು ಪ್ರಶ್ನೆ ಕೇಳಿದ. "ಅಲ್ಲ ಕಣೋ, ಅವಳು ಸುಮ್ನೆ ನಾಟಕ ಆಡ್ತಾ ಇದ್ರೆ ಡಾಕ್ಟ್ರಿಗೆ ಹೆಂಗೆ ಗೊತ್ತಾಗತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ ಬಂತು, ಮಾತು ಅಲ್ಲಿಗೇ ನಿಂತಿತು.

ಅದೇ ಪ್ರಶ್ನೆ ಅಮೆರಿಕದಲ್ಲಿ 1979ರಲ್ಲಿ ಒಂದು ಜೈಲಿನೊಳಗೆ ಎದ್ದಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅಲ್ಲಿ ಉತ್ತರದ ಮೇಲೆ ಒಬ್ಬನ ತಲೆ ನಿಂತಿತ್ತು.

1977ರ ಅಕ್ಟೋಬರಿನಿಂದ 1978ರ ಫೆಬ್ರವರಿಯೊಳಗೆ ಲಾಸ್ ಏಂಜಲೀಸಿನಲ್ಲಿ ಹತ್ತು ಹೆಣ್ಣುಮಕ್ಕಳ ಕೊಲೆಯಾಯಿತು. ಚಿಕ್ಕವಳಿಗೆ 12 ವರ್ಷ, ದೊಡ್ಡವಳಿಗೆ 28. ಹೆಣಗಳನ್ನು ಗುಡ್ಡದ ಇಳಿಜಾರುಗಳಲ್ಲಿ ಎಸೆದು ಹೋಗುತ್ತಿದ್ದರಿಂದ ಪತ್ರಿಕೆಗಳು ಕೊಲೆಗಾರನಿಗೆ 'ಹಿಲ್‌ಸೈಡ್ ಸ್ಟ್ರ್ಯಾಂಗ್ಲರ್' ಅಂತ ಹೆಸರಿಟ್ಟವು. ಆಮೇಲೆ ಕೊಲೆಗಳು ನಿಂತವು. ಮುಂದಿನ ವರ್ಷ, 1979ರ ಜನವರಿಯಲ್ಲಿ, ಅಲ್ಲಿಂದ ಬಹಳ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಸತ್ತರು. ಸಿಕ್ಕಿಬಿದ್ದವನು ಕೆನೆತ್ ಬಿಯಾಂಕಿ, 27 ವರ್ಷದ ಸೆಕ್ಯುರಿಟಿ ಗಾರ್ಡ್. ನೋಡೋಕೆ ಲಕ್ಷಣವಾಗಿದ್ದ, ಮಾತು ಮೃದು. ಹೆಂಡತಿಯಂತೆ ಜೊತೆಗಿದ್ದವಳು, ಪುಟ್ಟ ಮಗು. 'ಇವನಾ!' ಅಂತ ಅನ್ನಿಸುವಂಥ ಮನುಷ್ಯ.

ಸಾಕ್ಷ್ಯ ಬಲವಾಗಿತ್ತು, ಅವನು ಮಾತ್ರ ನನಗೇನೂ ನೆನಪಿಲ್ಲ ಅಂದ. ಆ ರಾತ್ರಿಗಳು ಅವನ ತಲೆಯಲ್ಲಿ ಖಾಲಿಯಂತೆ. ವಕೀಲರು ಸಂಮೋಹನ ಬಲ್ಲ ಮನಶ್ಶಾಸ್ತ್ರಜ್ಞ ಜಾನ್ ವಾಟ್ಕಿನ್ಸ್ ಅವರನ್ನು ಕರೆಸಿದರು. ಮಾರ್ಚ್ ತಿಂಗಳಲ್ಲಿ ವಾಟ್ಕಿನ್ಸ್ ಅವನನ್ನು ಸಂಮೋಹನಕ್ಕೊಳಪಡಿಸಿ, ಕೆನ್‌ನೊಳಗೆ ನಾನು ಇನ್ನೂ ಮಾತಾಡದ ಇನ್ನೊಂದು ಭಾಗ ಇದ್ದರೆ ಅದು ಹೊರಗೆ ಬರಲಿ ಅಂತ ಕರೆದರು. ಬಂತು! ಹೆಸರು ಸ್ಟೀವ್. ಒರಟ, ಕೊಳಕು ಬಾಯಿ, ಕೆನ್ ಅಂದರೆ ತಾತ್ಸಾರ. ಕೊಲೆ ಮಾಡಿದ್ದು ನಾನೇ ಅಂದ, ಜೊತೆಗಿದ್ದವನು ಕೆನ್‌ನ ಸೋದರಸಂಬಂಧಿ ಏಂಜೆಲೋ ಬ್ಯೂನೋ ಅಂತಲೂ ಅಂದ. ಸಿಗರೇಟಿನ ಫಿಲ್ಟರ್ ಕಿತ್ತೆಸೆದು ಸೇದುತ್ತಿದ್ದ. ಕೆನ್ ಹಾಗೆ ಮಾಡುತ್ತಿರಲಿಲ್ಲ. ಎಚ್ಚರವಾದ ಮೇಲೆ ಕೆನ್‌ಗೆ ಇದ್ಯಾವುದೂ ಗೊತ್ತಿಲ್ಲ!

ವಾಟ್ಕಿನ್ಸ್ ನಂಬಿದರು. ರಾಲ್ಫ್ ಆಲಿಸನ್ ಎಂಬ ಮನೋವೈದ್ಯರೂ ನಂಬಿದರು. ನಾನಾಗಿದ್ದರೂ ನಂಬುತ್ತಿದ್ದೆನೇನೋ. ಕಾಲವೇ ಹಾಗಿತ್ತು ನೋಡಿ. 1973ರಲ್ಲಿ 'ಸಿಬಿಲ್' ಎಂಬ ಪುಸ್ತಕ ಬಂದು ಲಕ್ಷಗಟ್ಟಲೆ ಖರ್ಚಾಗಿತ್ತು, ಒಬ್ಬಳೊಳಗೆ ಹದಿನಾರು ವ್ಯಕ್ತಿಗಳು. 1976ರಲ್ಲಿ ಅದು ಟಿವಿಗೂ ಬಂತು. (ಅದೇ ಸಿಬಿಲ್, ಅಂದರೆ ಶರ್ಲಿ ಮೇಸನ್, 1958ರಲ್ಲೇ ತನ್ನ ವೈದ್ಯೆಗೆ ಪತ್ರ ಬರೆದು, ನನ್ನೊಳಗೆ ಬೇರೆ ಯಾರೂ ಇಲ್ಲ, ನಟಿಸುತ್ತಿದ್ದೆ ಅಂತ ಒಪ್ಪಿಕೊಂಡಿದ್ದಳು. ವೈದ್ಯೆ ಅದನ್ನೂ ಕಾಯಿಲೆಯದೇ ಒಂದು ತಂತ್ರ ಅಂತ ಪಕ್ಕಕ್ಕಿಟ್ಟರು. ಆಮೇಲೆ ಆಕೆ ಆ ಮಾತು ಹಿಂತೆಗೆದುಕೊಂಡಳು. ಆ ಪತ್ರದ ಕಥೆಯೇ ಬೇರೆ ಬರೆಯಬೇಕು.) ಇನ್ನು ಬಿಯಾಂಕಿ ಸಿಕ್ಕಿಬೀಳುವ ಒಂದು ತಿಂಗಳ ಹಿಂದೆಯಷ್ಟೇ, 1978ರ ಡಿಸೆಂಬರಿನಲ್ಲಿ, ಒಹಾಯೋದ ಕೋರ್ಟು ಬಿಲ್ಲಿ ಮಿಲಿಗನ್ ಎಂಬಾತನನ್ನು ಇದೇ ಕಾಯಿಲೆಯ ಕಾರಣಕ್ಕೆ ನಿರಪರಾಧಿ ಅಂತ ತೀರ್ಮಾನಿಸಿತ್ತು. ಅಂದರೆ ದಾರಿ ಇದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ವಾಷಿಂಗ್ಟನ್ ರಾಜ್ಯದಲ್ಲಿ ಗಲ್ಲು ಕಾಯುತ್ತಿತ್ತು.

ಆಗ ಸರ್ಕಾರದ ಕಡೆಯವರು ಕರೆಸಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಆರ್ನ್ ಅವರನ್ನು. ಸಂಮೋಹನದಲ್ಲಿ ನಿಜ ಯಾವುದು ನಾಟಕ ಯಾವುದು ಅನ್ನೋದನ್ನೇ ವರ್ಷಗಟ್ಟಲೆ ಪ್ರಯೋಗ ಮಾಡಿ ನೋಡಿದ್ದ ಮನುಷ್ಯ. ಅವರು ಕೂಗಾಡಲಿಲ್ಲ, ಸುಳ್ಳು ಅಂತ ಹೇಳಲೂ ಇಲ್ಲ. ಮಾತಿನ ಮಧ್ಯೆ ಒಂದು ಸಂಗತಿ ಬಿಟ್ಟರು: ಈ ಕಾಯಿಲೆಯಲ್ಲಿ ಬರೀ ಇಬ್ಬರು ಇರೋದು ಅಪರೂಪ, ಸಾಮಾನ್ಯವಾಗಿ ಮೂವರಾದರೂ ಇರ್ತಾರೆ ಅಂತ. ಮುಂದಿನ ಸಂಮೋಹನದಲ್ಲಿ ಬಂದನಪ್ಪ ಮೂರನೆಯವನು, ಬಿಲ್ಲಿ! ನಮ್ಮ ಮನೆಯಲ್ಲಿ 'ಇನ್ನೊಂದು ಚಪಾತಿ ಬೇಕಿತ್ತು' ಅಂತ ಗೊಣಗಿದರೆ ತಟ್ಟೆಗೆ ಬೀಳುವ ಹಾಗೆ. :-)

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ. ಸಂಮೋಹನದಲ್ಲಿದ್ದಾನೆ ಎನ್ನಲಾದ ಬಿಯಾಂಕಿಗೆ ಆರ್ನ್, ನೋಡು ನಿನ್ನ ವಕೀಲರು ಇಲ್ಲಿ ಕೂತಿದ್ದಾರೆ ಅಂದರು. ಅಲ್ಲಿದ್ದದ್ದು ಖಾಲಿ ಕುರ್ಚಿ. ಬಿಯಾಂಕಿ ಎದ್ದು ಹೋಗಿ ಗಾಳಿಯ ಜೊತೆ ಕೈ ಕುಲುಕಿದ. ನಿಜವಾಗಿ ಸಂಮೋಹನಕ್ಕೊಳಗಾದವರು ಇಲ್ಲದ ಮನುಷ್ಯನನ್ನು ಕಂಡೆ ಅನ್ನುತ್ತಾರೆ, ಮಾತೂ ಆಡುತ್ತಾರೆ. ಆದರೆ ತಾವಾಗಿಯೇ ಎದ್ದು ಮುಟ್ಟಲು ಸಾಮಾನ್ಯವಾಗಿ ಹೋಗುವುದಿಲ್ಲ. ಇದು ಆರ್ನ್ ತಮ್ಮ ಪ್ರಯೋಗಗಳಲ್ಲಿ ಕಂಡುಕೊಂಡಿದ್ದು. ಬಿಯಾಂಕಿಗೆ ಅದು ಗೊತ್ತಿರಲಿಲ್ಲ. ಎದುರಿಗಿರುವವರನ್ನು ನಂಬಿಸಬೇಕೆಂಬ ಆತುರದಲ್ಲಿ ಕಾಯಿಲೆಗಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟ.

ಪೊಲೀಸರೂ ಸುಮ್ಮನೆ ಕೂತಿರಲಿಲ್ಲ. ಸ್ಟೀವ್ ತನ್ನ ಪೂರ್ತಿ ಹೆಸರು ಹೇಳಿದ್ದ. ಆ ಹೆಸರು ಬಿಯಾಂಕಿಯ ಕಾಗದಪತ್ರಗಳಲ್ಲೇ ಸಿಕ್ಕಿತು. ಅದು ಮನಶ್ಶಾಸ್ತ್ರ ಓದಿದ್ದ ಒಬ್ಬ ನಿಜವಾದ ಪದವೀಧರನ ಹೆಸರು! ಲಾಸ್ ಏಂಜಲೀಸಿನಲ್ಲಿದ್ದಾಗ ಬಿಯಾಂಕಿ ತಾನೇ ಮನಶ್ಶಾಸ್ತ್ರಜ್ಞ ಅಂತ ಆಫೀಸು ತೆರೆಯಲು ಹೊರಟಿದ್ದ. ಅದಕ್ಕೆ ಡಿಗ್ರಿ ಬೇಕಲ್ಲ? ಸಹಾಯಕ ಬೇಕಾಗಿದ್ದಾನೆ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅರ್ಜಿ ಹಾಕಿದವರ ಅಂಕಪಟ್ಟಿ ತರಿಸಿಕೊಂಡಿದ್ದ. ಒಳಗಿನಿಂದ ಎದ್ದು ಬಂದ ಎರಡನೇ ಆತ್ಮ ಕದ್ದ ಅಂಕಪಟ್ಟಿಯ ಮೇಲಿತ್ತು, ಅಷ್ಟೆ. ಮನೆಯಲ್ಲಿ ಮನಶ್ಶಾಸ್ತ್ರದ ಪುಸ್ತಕಗಳೂ ಇದ್ದವು.

ಅಕ್ಟೋಬರ್ 1979ರಲ್ಲಿ ಅವನು ಹುಚ್ಚಿನ ವಾದ ಕೈಬಿಟ್ಟು ತಪ್ಪೊಪ್ಪಿಕೊಂಡ. ಬ್ಯೂನೋ ವಿರುದ್ಧ ಸಾಕ್ಷಿ ಹೇಳುತ್ತೇನೆ ಅಂತ ಒಪ್ಪಂದ ಮಾಡಿಕೊಂಡು ಗಲ್ಲಿನಿಂದ ಪಾರಾದ.

ಕಥೆ ಇಲ್ಲಿಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಸುಳ್ಳಿನ ಬಿಲ್ಲು ಬಂದಿದ್ದು ಆಮೇಲೆ. ಇಷ್ಟೆಲ್ಲ ವೇಷ ಹಾಕಿದವನ ಸಾಕ್ಷಿಯನ್ನು ಯಾವ ಜ್ಯೂರಿ ನಂಬುತ್ತೆ? 1981ರಲ್ಲಿ ಲಾಸ್ ಏಂಜಲೀಸಿನ ಪ್ರಾಸಿಕ್ಯೂಷನ್ನೇ ಬ್ಯೂನೋ ಮೇಲಿನ ಕೊಲೆ ಆರೋಪಗಳನ್ನು ಕೈಬಿಡುತ್ತೇವೆ ಅಂದಿತು. ಹತ್ತು ಕುಟುಂಬಗಳು ಕಾಯುತ್ತಿದ್ದವು. ನ್ಯಾಯಾಧೀಶ ರೊನಾಲ್ಡ್ ಜಾರ್ಜ್ ಒಪ್ಪಲಿಲ್ಲ. ಕೇಸನ್ನು ರಾಜ್ಯದ ಅಟಾರ್ನಿ ಜನರಲ್ ಕಚೇರಿ ತೆಗೆದುಕೊಂಡಿತು, ವಿಚಾರಣೆ ಎರಡು ವರ್ಷ ನಡೆಯಿತು. ಮಧ್ಯೆ ಇನ್ನೊಂದು ತೊಡಕು: ಸಂಮೋಹನಕ್ಕೊಳಗಾದವನ ಸಾಕ್ಷಿ ನಡೆಯಲ್ಲ ಅಂತ 1982ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಆಗ ಕೋರ್ಟಿನಲ್ಲಿ ಸಾಬೀತಾಗಬೇಕಾಗಿದ್ದು ಏನು ಗೊತ್ತಾ? ಬಿಯಾಂಕಿ ಸಂಮೋಹನಕ್ಕೆ ಒಳಗಾಗಿಯೇ ಇರಲಿಲ್ಲ, ಎಲ್ಲಾ ನಟನೆ ಅಂತ! ಗಾಳಿಯ ಜೊತೆ ಕೈ ಕುಲುಕಿದ್ದು ಅಲ್ಲಿ ಉಪಯೋಗಕ್ಕೆ ಬಂತು. 1983ರ ನವೆಂಬರಿನಲ್ಲಿ ಬ್ಯೂನೋ ಹತ್ತರಲ್ಲಿ ಒಂಬತ್ತು ಕೊಲೆಗಳಲ್ಲಿ ಅಪರಾಧಿ ಅಂತ ತೀರ್ಮಾನವಾಯಿತು. 2002ರಲ್ಲಿ ಜೈಲಿನಲ್ಲೇ ಸತ್ತ.

ನಂಬಿದ ಇಬ್ಬರಲ್ಲಿ ಆಲಿಸನ್ ಆಮೇಲೆ ತಮ್ಮ ಅಭಿಪ್ರಾಯ ಬದಲಿಸಿದರು. ವಾಟ್ಕಿನ್ಸ್ ಬದಲಿಸಲಿಲ್ಲ, 1984ರಲ್ಲೂ ತಮ್ಮ ವಾದವನ್ನು ಸಮರ್ಥಿಸಿ ಬರೆದರು. ಅವರನ್ನು ನೋಡಿ ನಗೋಕೆ ನನಗೆ ಮನಸ್ಸು ಬರಲ್ಲ. ನರಳುತ್ತಾ ಬಂದವರ ಮಾತನ್ನು ಮೊದಲು ನಂಬಬೇಕು ಅನ್ನೋದು ಅವರ ವೃತ್ತಿಯ ಅಭ್ಯಾಸ, ಬಿಯಾಂಕಿ ಅದನ್ನೇ ಬಳಸಿಕೊಂಡ.

ಮೊನ್ನೆ ಆ ಗೆಳೆಯನಿಗೆ ಫೋನ್ ಮಾಡಿ ಇಷ್ಟೂ ಕಥೆ ಹೇಳಿದೆ. ಸಿನಿಮಾದ ಪ್ರಶ್ನೆ ಅವನಿಗೆ ಮರೆತೇ ಹೋಗಿತ್ತು. ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ಚಿಕ್ಕಮ್ಮನ ವಿಷಯ ಎತ್ತಿದ. ಮದುವೆಯಾದ ಹೊಸದರಲ್ಲಿ ಆಕೆಗೆ ಆಗಾಗ ದನಿ ಬದಲಾಗುತ್ತಿತ್ತಂತೆ, ಗಂಟೆಗಟ್ಟಲೆ ಏನು ನಡೆಯಿತು ಅನ್ನೋದೇ ನೆನಪಿರುತ್ತಿರಲಿಲ್ಲವಂತೆ. ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಅಂತ ಮನೆಯವರು ಯಾವ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಲಿಲ್ಲ. "ಅವಳನ್ನ ಯಾರೂ ಪರೀಕ್ಷೆ ಮಾಡ್ಲೇ ಇಲ್ಲ ಕಣೋ" ಅಂದ.